ಇರತಕ್ಕದ್ದು

ನನ್ನ ಹೊಟ್ಟೆಪಾಡು ನಡೆಯುವುದೇ ‘ತಕ್ಕದ್ದು’ ಎಂಬ ಪದದ ಮೇಲೆ. ಕ್ರಯಪತ್ರ, ಬಾಡಿಗೆ ಕರಾರು, ವಿಭಾಗಪತ್ರ, ಆಗೊಮ್ಮೆ ಈಗೊಮ್ಮೆ ಕೋರ್ಟಿನ ಆದೇಶ. ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡಕ್ಕೆ, ಕನ್ನಡದಲ್ಲಿದ್ದದ್ದನ್ನು ಇಂಗ್ಲಿಷಿಗೆ ತಂದುಕೊಡುವುದು ಕೆಲಸ. ‘ಸದರಿ ಬಾಡಿಗೆದಾರರು ಪ್ರತಿ ತಿಂಗಳ 5ನೇ ತಾರೀಖಿನೊಳಗೆ ಬಾಡಿಗೆ ಪಾವತಿಸತಕ್ಕದ್ದು’ ಎಂದು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಇಂಗ್ಲಿಷಿನ ‘ಶಲ್’ ಕಣ್ಣಿಗೆ ಬಿದ್ದರೆ ಸಾಕು, ಕೈ ತಾನಾಗಿ ‘ತಕ್ಕದ್ದು’ ಎಂದು ಬರೆದುಬಿಡುತ್ತದೆ. ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಅದು ಕಾನೂನಿನ ಬಾಯಿಂದ ಮಾತ್ರ ಹೊರಡುವ ಮಾತು.

ಕೆಲವು ವರ್ಷಗಳ ಹಿಂದೆ ಮಗ ಗ್ಲಾಸ್ಗೊದಲ್ಲಿ ಓದುತ್ತಿದ್ದಾಗ ಎರಡು ವಾರ ಅಲ್ಲಿಗೆ ಹೋಗಿದ್ದೆ. ಬುಕಾನನ್ ಬೀದಿ ಅಲ್ಲಿಯ ದೊಡ್ಡ ಅಂಗಡಿಬೀದಿ. ಅದರ ಮೇಲಿನ ತುದಿಯಲ್ಲಿ, ಸಂಗೀತ ಸಭಾಂಗಣದ ಮೆಟ್ಟಿಲುಗಳ ಮುಂದೆ, ಎತ್ತರದ ಪೀಠದ ಮೇಲೆ ಒಬ್ಬ ಉದ್ದನೆಯ ಮನುಷ್ಯ ನಿಂತಿದ್ದ. ಕಂಚಿನವನು. ಕೋಟು ಮುದುಡಿದೆ, ಮೂಗಿನ ಮೇಲೆ ಕನ್ನಡಕ. ಕುದುರೆ ಇಲ್ಲ, ಕತ್ತಿ ಇಲ್ಲ, ಎತ್ತಿದ ಕೈಯೂ ಇಲ್ಲ. ಬಸ್ಸು ತಪ್ಪಿಸಿಕೊಂಡ ಮೇಷ್ಟರ ಹಾಗೆ ಕಾಣುತ್ತಿದ್ದ. ಪೀಠದಲ್ಲಿ ಕೆತ್ತಿದ್ದ ಸಾಲನ್ನು ಓದಿದೆ: ‘ದೇರ್ ಶಲ್ ಬಿ ಎ ಸ್ಕಾಟಿಷ್ ಪಾರ್ಲಿಮೆಂಟ್.’

‘ಒಂದು ಸ್ಕಾಟಿಷ್ ಪಾರ್ಲಿಮೆಂಟ್ ಇರತಕ್ಕದ್ದು’ ಎಂದೆ, ಅಭ್ಯಾಸಬಲ.

‘ಅಮ್ಮಾ, ರಜದಲ್ಲೂ ಕೆಲಸ ಮಾಡ್ತೀಯಲ್ಲ’ ಅಂದ ಮಗ.

ಕಾಯ್ದೆಯ ಸಾಲೊಂದನ್ನು ವಿಗ್ರಹದ ಕಾಲಡಿ ಕೆತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಸಾಮಾನ್ಯವಾಗಿ ಅಲ್ಲಿ ಕವಿವಾಣಿ ಇರುತ್ತದೆ, ಇಲ್ಲವೇ ಹುಟ್ಟಿದ-ಸತ್ತ ಇಸವಿ. ಇಲ್ಲಿ ಇದ್ದದ್ದು 1998ರ ಸ್ಕಾಟ್ಲೆಂಡ್ ಕಾಯ್ದೆಯ ಮೊದಲನೆಯ ಪ್ರಕರಣದ ಮೊದಲನೆಯ ಉಪಪ್ರಕರಣ. ಆ ಕಾಯ್ದೆಯನ್ನು ತಂದ ಮಂತ್ರಿ, ಡೊನಾಲ್ಡ್ ಡ್ಯೂವರ್ ಎಂಬ ಈ ಗ್ಲಾಸ್ಗೊ ವಕೀಲರ ಹಿಂದೆ ನಾನು ಬಿದ್ದದ್ದು ಅವತ್ತಿನಿಂದ.

ಹುಟ್ಟಿದ್ದು 1937ರ ಆಗಸ್ಟ್ 21ರಂದು, ಗ್ಲಾಸ್ಗೊದಲ್ಲಿ. ಒಬ್ಬನೇ ಮಗ. ತಂದೆ ಚರ್ಮರೋಗದ ವೈದ್ಯರು, ಅವರಿಗೇ ಕ್ಷಯ. ತಾಯಿಗೆ ಮೆದುಳಿನಲ್ಲಿ ಗೆಡ್ಡೆ. ಇಬ್ಬರೂ ಹಾಸಿಗೆ ಹಿಡಿದ ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರು ಯಾರು? ಇನ್ನೂ ಸರಿಯಾಗಿ ಮಾತು ಕಲಿಯುವ ವಯಸ್ಸಿನಲ್ಲೇ ಊರಾಚೆಯ ವಸತಿ ಶಾಲೆಗೆ ಕಳಿಸಿದರು, ಮೊದಲು ಪರ್ತ್‌ಶೈರ್, ಆಮೇಲೆ ಇಂಗ್ಲೆಂಡಿಗೆ ತಾಗಿದ ಗಡಿ ಸೀಮೆ. ಜನರ ನಡುವೆ ನಿಂತೂ ಒಂಟಿಯಾಗಿ ಕಾಣುವ ಅವರ ಚಹರೆಗೆ ಗೆಳೆಯರು ಮುಂದೆ ಕೊಡುತ್ತಿದ್ದ ಕಾರಣ ಈ ಬಾಲ್ಯವೇ.

ಒಂಟಿತನ ಹರಿದದ್ದು ಗ್ಲಾಸ್ಗೊ ವಿಶ್ವವಿದ್ಯಾಲಯದಲ್ಲಿ. ಮೊದಲು ಇತಿಹಾಸದಲ್ಲಿ ಎಂ.ಎ., ಆಮೇಲೆ 1964ರಲ್ಲಿ ಕಾನೂನು ಪದವಿ. ಅಲ್ಲಿಯ ಚರ್ಚಾಕೂಟಗಳು ಗರಡಿಮನೆಯಿದ್ದ ಹಾಗೆ. ಅದೇ ಗರಡಿಯಲ್ಲಿ ಪಳಗಿದವರನ್ನು ನೋಡಿ: ಲೇಬರ್ ಪಕ್ಷದ ನಾಯಕರಾದ ಜಾನ್ ಸ್ಮಿತ್, ಲಿಬರಲ್ ಡೆಮಾಕ್ರಾಟರ ನಾಯಕರಾದ ಮೆಂಜೀಸ್ ಕ್ಯಾಂಪ್‌ಬೆಲ್, ಬ್ರಿಟನ್ನಿನ ಲಾರ್ಡ್ ಚಾನ್ಸಲರ್, ಅಂದರೆ ನ್ಯಾಯಾಂಗದ ಹೊಣೆ ಹೊತ್ತ ಹಿರಿಯ ಮಂತ್ರಿ, ಆದ ಡೆರಿ ಅರ್ವಿನ್. ಎಲ್ಲರೂ ವಕೀಲರು. ಆದರೆ ಸ್ಮಿತ್, ಕ್ಯಾಂಪ್‌ಬೆಲ್ ಇಬ್ಬರೂ ಅಡ್ವೊಕೇಟರಾದರು, ಅಂದರೆ ಬಿಳಿಯ ವಿಗ್ಗು ತೊಟ್ಟು ಮೇಲಿನ ಕೋರ್ಟುಗಳಲ್ಲಿ ವಾದ ಮಾಡುವವರು. ಅರ್ವಿನ್ ಲಂಡನ್ನಿಗೆ ಹೋಗಿ ಅಲ್ಲಿ ಬ್ಯಾರಿಸ್ಟರ್. ಡ್ಯೂವರ್ ಮಾತ್ರ ಸಾಲಿಸಿಟರ್ ಆಗಿಯೇ ಉಳಿದರು. ಕಕ್ಷಿದಾರ ಮೊದಲು ಬಂದು ಕೂರುವುದು, ಗೋಳು ಹೇಳಿಕೊಳ್ಳುವುದು, ಕಾಗದ ಹರಡುವುದು ಸಾಲಿಸಿಟರ್ ಮೇಜಿನ ಮುಂದೆ. ನನಗೆ ಆ ಮೇಜಿನ ಪರಿಚಯ ಚೆನ್ನಾಗಿದೆ. ಅಲ್ಲಿ ಗುಡುಗು ಇರುವುದಿಲ್ಲ, ಸ್ಟೇಪ್ಲರ್ ಇರುತ್ತದೆ.

1966ರಲ್ಲಿ, ಇಪ್ಪತ್ತೆಂಟರ ಹರೆಯದಲ್ಲಿ, ಅಬರ್ಡೀನ್ ಸೌತ್ ಕ್ಷೇತ್ರದಿಂದ ಗೆದ್ದು ಸಂಸತ್ತಿಗೆ ಹೋದರು. 1970ರಲ್ಲಿ ಸೋತರು. ಮತ್ತೆ ಒಳಗೆ ಹೋಗಲು ಎಂಟು ವರ್ಷ ಬೇಕಾಯಿತು. ಅವರನ್ನು ಕುರಿತ ಬರಹಗಳು ಈ ಎಂಟು ವರ್ಷಗಳನ್ನು ಎರಡು ಸಾಲಿನಲ್ಲಿ ದಾಟಿಬಿಡುತ್ತವೆ. ನನಗೆ ದಾಟುವ ಮನಸ್ಸಿಲ್ಲ, ಏಕೆಂದರೆ ಆಗ ಅವರು ಮಾಡಿದ್ದು ಲ್ಯಾನಾರ್ಕ್‌ಶೈರ್ ಜಿಲ್ಲೆಯ ಮಕ್ಕಳ ಮಂಡಳಿಗೆ ‘ರಿಪೋರ್ಟರ್’ ಕೆಲಸ. ಪತ್ರಿಕೆಯ ವರದಿಗಾರ ಎಂದುಕೊಳ್ಳಬೇಡಿ.

ಸ್ಕಾಟ್ಲೆಂಡ್ 1707ರಲ್ಲಿ ಇಂಗ್ಲೆಂಡಿನೊಂದಿಗೆ ಒಂದಾದಾಗ ತನ್ನ ಸಂಸತ್ತನ್ನು ಬಿಟ್ಟುಕೊಟ್ಟಿತು, ಆದರೆ ಕೋರ್ಟು ಕಾನೂನು ಬಿಟ್ಟುಕೊಡಲಿಲ್ಲ. ಹಾಗಾಗಿ ಅಲ್ಲಿಯ ನ್ಯಾಯದ ದಾರಿ ಬೇರೆ. 1964ರಲ್ಲಿ ಲಾರ್ಡ್ ಕಿಲ್‌ಬ್ರಾಂಡನ್ ಎಂಬ ನ್ಯಾಯಾಧೀಶರ ಸಮಿತಿ ಒಂದು ಮಾತು ಹೇಳಿತು: ಕಳ್ಳತನ ಮಾಡಿ ಸಿಕ್ಕಿಬಿದ್ದ ಹುಡುಗನಿಗೂ, ಮನೆಯಲ್ಲಿ ಅನ್ನ ಹಾಕುವವರಿಲ್ಲದೆ ಬೀದಿಯಲ್ಲಿ ಅಲೆಯುವ ಹುಡುಗನಿಗೂ ಬೇಕಾಗಿರುವುದು ಒಂದೇ, ಅವರನ್ನು ಬೇರೆ ಬೇರೆ ಬಾಗಿಲಿಗೆ ಕಳಿಸಬೇಡಿ. ಇದರಿಂದ 1968ರಲ್ಲಿ ಕಾಯ್ದೆ ಬಂತು, 1971ರಲ್ಲಿ ಮಕ್ಕಳ ವಿಚಾರಣೆಗಳು ಶುರುವಾದವು. ಪೊಲೀಸರು, ಶಾಲೆಯವರು, ಸಮಾಜ ಕಾರ್ಯಕರ್ತರು ಕಳಿಸಿದ ಕಾಗದವೆಲ್ಲ ಬಂದು ಬೀಳುವುದು ರಿಪೋರ್ಟರ್ ಮೇಜಿಗೆ. ಈ ಮಗುವಿನ ವಿಷಯದಲ್ಲಿ ಸರ್ಕಾರ ಕೈಹಾಕಬೇಕೇ, ಬಿಟ್ಟುಬಿಡಬೇಕೇ ಎಂದು ತೂಗುವವನು ಅವನು. ಹಾಕಬೇಕೆನಿಸಿದರೆ ಊರಿನ ಮೂವರು ಸಾಮಾನ್ಯ ಜನ ಕೂರುವ ಮಂಡಳಿಯ ಮುಂದೆ ಇಡುತ್ತಾನೆ. ವಿಗ್ಗಿಲ್ಲ, ಕಟಕಟೆಯಿಲ್ಲ. ಒಂದು ಮೇಜು, ಸುತ್ತ ಕುರ್ಚಿ, ಮಗು, ಅಪ್ಪ ಅಮ್ಮ. ‘ನಾನು ಮಾಡಿಲ್ಲ’ ಎಂದು ಮಗು ಹೇಳಿದರೆ ಪ್ರಕರಣ ಶೆರಿಫ್ ಹತ್ತಿರ ಹೋಗುತ್ತದೆ. (ಅಲ್ಲಿ ಶೆರಿಫ್ ಎಂದರೆ ನ್ಯಾಯಾಧೀಶ. ಸಿನಿಮಾದ ಟೋಪಿ, ಪಿಸ್ತೂಲು ಮರೆತುಬಿಡಿ.)

ಎರಡೂವರೆ ವರ್ಷಕ್ಕೇ ಮನೆ ಬಿಟ್ಟು ಹೋಗಬೇಕಾದ ಹುಡುಗ ಮೂವತ್ತು ದಾಟಿದ ಮೇಲೆ ಬಂದು ಕೂತದ್ದು ಈ ಕುರ್ಚಿಯಲ್ಲಿ. ಅವರ ತಲೆಯಲ್ಲಿ ಏನು ಓಡುತ್ತಿತ್ತೆಂದು ಊಹಿಸುವ ಹಕ್ಕು ನನಗಿಲ್ಲ. ಅದೇ ಕಾಲಕ್ಕೆ ಅವರ ಸ್ವಂತ ಮನೆಯೂ ಮುರಿದಿತ್ತು ಎಂಬುದು ಮಾತ್ರ ಎಲ್ಲರಿಗೂ ಗೊತ್ತಿದ್ದ ಸಂಗತಿ. ಪತ್ನಿ ಅವರನ್ನು ಬಿಟ್ಟು ಡೆರಿ ಅರ್ವಿನ್ ಅವರನ್ನು ಮದುವೆಯಾದರು. ಹೌದು, ಅದೇ ಚರ್ಚಾಕೂಟದ ಗೆಳೆಯ. ಇಬ್ಬರು ಮಕ್ಕಳೂ ತಾಯಿಯ ಜೊತೆ ಲಂಡನ್ನಿಗೆ ಹೋದರು. ಡ್ಯೂವರ್ ಮತ್ತೆ ಮದುವೆಯಾಗಲಿಲ್ಲ. ಪುಸ್ತಕ, ಸ್ಕಾಟಿಷ್ ಚಿತ್ರಕಾರರ ಕ್ಯಾನ್ವಾಸು, ಸಿಕ್ಕ ಸಿಕ್ಕಲ್ಲಿ ಬಿಸ್ಕತ್ತು, ಇಷ್ಟರ ನಡುವೆ ಗ್ಲಾಸ್ಗೊದ ಮನೆಯಲ್ಲಿ ಒಬ್ಬರೇ ಇದ್ದರು.

1978ರ ಏಪ್ರಿಲಿನಲ್ಲಿ ಗ್ಲಾಸ್ಗೊದ ಗಾರ್ಸ್‌ಕಾಡನ್ ಉಪಚುನಾವಣೆ ಬಂತು. ಸ್ಕಾಟಿಷ್ ರಾಷ್ಟ್ರೀಯವಾದಿಗಳು ಏರುತ್ತಿದ್ದ ಕಾಲ ಅದು, ಲೇಬರ್ ಸೋಲುತ್ತದೆಂದೇ ಹಲವರ ಎಣಿಕೆ. ಡ್ಯೂವರ್ 4,552 ಮತಗಳಿಂದ ಗೆದ್ದರು. ಗೆದ್ದು ಒಳಗೆ ಹೋದದ್ದೇ ತಡ, ಕಣ್ಣೆದುರಿಗೇ ಒಂದು ಕಾಯ್ದೆ ಸತ್ತುಹೋದದ್ದನ್ನು ನೋಡಬೇಕಾಯಿತು.

ಅದು 1978ರ ಸ್ಕಾಟ್ಲೆಂಡ್ ಕಾಯ್ದೆ. ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋದಲ್ಲಿ ಒಂದು ಶಾಸನಸಭೆ ಕೊಡುತ್ತೇವೆಂದು ಲೇಬರ್ ಸರ್ಕಾರ ಮಾಡಿದ್ದು, ಸಂಸತ್ತಿನಲ್ಲಿ ಅದನ್ನು ದಡ ಮುಟ್ಟಿಸಿದವರು ಇದೇ ಜಾನ್ ಸ್ಮಿತ್. ಆದರೆ ಮಸೂದೆ ಸದನದಲ್ಲಿದ್ದಾಗ ಒಂದು ತಿದ್ದುಪಡಿ ಒಳಗೆ ನುಸುಳಿತ್ತು: ಜನಮತದಲ್ಲಿ ‘ಹೌದು’ ಗೆದ್ದರಷ್ಟೇ ಸಾಲದು, ಒಟ್ಟು ಮತದಾರರ ಪಟ್ಟಿಯ ಶೇ. 40ರಷ್ಟು ಜನ ‘ಹೌದು’ ಎಂದಿರಬೇಕು. ಅಂದರೆ ಮನೆಯಲ್ಲಿ ಕೂತವರು, ಊರಲ್ಲಿಲ್ಲದವರು ಕೂಡ ‘ಇಲ್ಲ’ ಎಂದಂತೆಯೇ ಲೆಕ್ಕ. 1979ರ ಮಾರ್ಚ್ 1ರಂದು ಹೌದು ಎಂದವರು 12,30,937, ಇಲ್ಲ ಎಂದವರು 11,53,502. ಗೆದ್ದಿತು, ಆದರೆ ಪಟ್ಟಿಯ ಶೇ. 32.9 ಮಾತ್ರ. ಹಾಗಾಗಿ ಸೋತಿತು. ಆ ತಿಂಗಳು ಮುಗಿಯುವುದರೊಳಗೆ ಸರ್ಕಾರವೇ 311-310ರಲ್ಲಿ, ಒಂದೇ ಮತದಿಂದ, ಬಿದ್ದುಹೋಯಿತು. ಮಾರ್ಗರೆಟ್ ಥ್ಯಾಚರ್ ಬಂದರು, ಮತ್ತೆ ಹದಿನೆಂಟು ವರ್ಷ ಲೇಬರಿಗೆ ಅಧಿಕಾರವಿಲ್ಲ. ಕರಾರಿನ ಮೂಲೆಯಲ್ಲಿ ಸಣ್ಣಕ್ಷರದ ಒಂದು ಷರತ್ತು ಇಡೀ ಕರಾರನ್ನು ನುಂಗುವುದನ್ನು ನಾನು ಬಹಳ ನೋಡಿದ್ದೇನೆ. ಒಂದು ದೇಶದ ಮಟ್ಟದಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಥ್ಯಾಚರ್ ಕಾಲದ ಬಹುಪಾಲು ಡ್ಯೂವರ್ ವಿರೋಧ ಪಕ್ಷದಲ್ಲಿ ಸ್ಕಾಟ್ಲೆಂಡ್ ವಿಷಯದ ಮುಖ್ಯ ದನಿಯಾಗಿದ್ದರು. 1987ರಲ್ಲಿ ಸ್ಕಾಟ್ಲೆಂಡಿನ 72 ಸ್ಥಾನಗಳಲ್ಲಿ 50 ಲೇಬರಿಗೆ ಬಂದರೂ ಆಳುವವರು ಕನ್ಸರ್ವೇಟಿವರೇ. 1989ರಲ್ಲಿ ತಲೆಗಂದಾಯ ಬಂದಾಗ ಅದನ್ನು ಇಂಗ್ಲೆಂಡಿಗಿಂತ ಒಂದು ವರ್ಷ ಮೊದಲೇ ಸ್ಕಾಟ್ಲೆಂಡಿನ ಮೇಲೆ ಹೇರಿದರು. ಅದೇ ವರ್ಷ ಚರ್ಚುಗಳು, ಕಾರ್ಮಿಕ ಸಂಘಗಳು, ನಗರಸಭೆಗಳು, ಲೇಬರ್, ಲಿಬರಲ್ ಎಲ್ಲ ಸೇರಿ ಒಂದು ಸಂವಿಧಾನ ಸಮಾವೇಶ ಕಟ್ಟಿದವು. ಬೇರೆ ಪಕ್ಷದವರ ಜೊತೆ ಒಂದೇ ಜಮಖಾನೆಯ ಮೇಲೆ ಕೂರಲು ತಮ್ಮ ಪಕ್ಷವನ್ನು ಒಪ್ಪಿಸಿದ್ದು ಡ್ಯೂವರ್ ಮಾಡಿದ ದೊಡ್ಡ ಕೆಲಸ. 1994ರ ಮೇ 12ರಂದು ಜಾನ್ ಸ್ಮಿತ್ ಹೃದಯಾಘಾತದಿಂದ ಹೋದರು. ಸ್ಕಾಟಿಷ್ ಪಾರ್ಲಿಮೆಂಟ್ ತಮ್ಮ ಮುಗಿಯದ ಕೆಲಸ ಎಂದು ಸ್ಮಿತ್ ಹೇಳುತ್ತಿದ್ದರು. ಆ ಬಾಕಿ ಗೆಳೆಯನ ಹೆಗಲಿಗೆ ಬಂತು.

1997ರ ಮೇ ತಿಂಗಳಲ್ಲಿ ಟೋನಿ ಬ್ಲೇರ್ ಗೆದ್ದರು, ಡ್ಯೂವರ್ ಸ್ಕಾಟ್ಲೆಂಡಿನ ಸಚಿವರಾದರು. ಅಧಿಕಾರ ಹಂಚಿಕೆಯ ವಿವರಗಳನ್ನು ಅರೆಯಲು ಸಂಪುಟದ ಒಂದು ಸಮಿತಿ ಮಾಡಿದರು. ಅದರ ಅಧ್ಯಕ್ಷರು ಯಾರೆಂದುಕೊಂಡಿರಿ? ಲಾರ್ಡ್ ಚಾನ್ಸಲರ್ ಡೆರಿ ಅರ್ವಿನ್. ಕಾದಂಬರಿಯಲ್ಲಿ ಹೀಗೆ ಬರೆದರೆ ‘ಅತಿಯಾಯಿತು’ ಎನ್ನುತ್ತೇವೆ. ಇಬ್ಬರೂ ಕಾಗದದ ಆಚೆ ಈಚೆ ಕೂತು ಕೆಲಸ ಮುಗಿಸಿದರು. ಮೂರು ತಿಂಗಳೊಳಗೆ ಶ್ವೇತಪತ್ರ ಹೊರಬಿತ್ತು. ಸೆಪ್ಟೆಂಬರ್ 11ರ ಜನಮತದಲ್ಲಿ ಶೇ. 74.3 ಜನ ಪಾರ್ಲಿಮೆಂಟ್ ಬೇಕೆಂದರು, ಅದಕ್ಕೆ ತೆರಿಗೆಯ ಅಧಿಕಾರವೂ ಇರಲೆಂದು ಶೇ. 63.5. ಈ ಸಲ ಶೇ. 40ರ ಗೂಟ ಇರಲಿಲ್ಲ.

ಈಗ ನನಗೆ ಇಷ್ಟವಾದ ಭಾಗ. 1978ರ ಕಾಯ್ದೆಯನ್ನೂ 1998ರ ಕಾಯ್ದೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹಳೆಯದರಲ್ಲಿ ಎಡಿನ್‌ಬರೋಗೆ ಏನೇನು ಕೊಡುತ್ತೇವೆಂಬ ಪಟ್ಟಿ ಇತ್ತು. ಪಟ್ಟಿಯಲ್ಲಿ ಇಲ್ಲದ್ದು ಲಂಡನ್ನಿನದು. ಹೊಸದರಲ್ಲಿ ಪಟ್ಟಿ ತಿರುವುಮುರುವು: ಲಂಡನ್ ಏನೇನು ಇಟ್ಟುಕೊಳ್ಳುತ್ತದೆ ಎಂಬುದನ್ನು ಐದನೆಯ ಅನುಸೂಚಿಯಲ್ಲಿ ಬರೆದರು. ವಿದೇಶಾಂಗ, ರಕ್ಷಣೆ, ನಾಣ್ಯ, ವಲಸೆ, ಪ್ರಸಾರ, ಕಡೆಗೆ ಗಡಿಯಾರದ ಹೊತ್ತು ಮತ್ತು ಬಾಹ್ಯಾಕಾಶ ಕೂಡ. ಅದರಲ್ಲಿ ಇಲ್ಲದ್ದೆಲ್ಲ ಎಡಿನ್‌ಬರೋದ್ದು. ನಾಳೆ ಯಾರೂ ಊಹಿಸದ ಹೊಸ ವಿಷಯ ಹುಟ್ಟಿದರೂ, ಬೇರೆ ಹೇಳದ ಹೊರತು, ಅದೂ ಎಡಿನ್‌ಬರೋದ್ದೇ. ಅಣ್ಣತಮ್ಮಂದಿರ ವಿಭಾಗಪತ್ರ ಬರೆದವರಿಗೆ ಈ ಜಾಣತನ ತಟ್ಟನೆ ಹೊಳೆಯುತ್ತದೆ. ಜಗಳ ಆಗುವುದು ಬರೆದ ಆಸ್ತಿಗಲ್ಲ, ಬರೆಯದೆ ಬಿಟ್ಟದ್ದಕ್ಕೆ. ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಮೂರು ಪಟ್ಟಿ ಇವೆ, ಮೂರರಲ್ಲೂ ಇಲ್ಲದ ಉಳಿಕೆ ಅಧಿಕಾರ 248ನೆಯ ವಿಧಿಯ ಪ್ರಕಾರ ದೆಹಲಿಗೆ. ಈ ಒಂದು ವಿಷಯದಲ್ಲಿ ಬೆಂಗಳೂರಿಗಿಂತ ಎಡಿನ್‌ಬರೋದ ಕೈ ಮೇಲು.

ಹಾಗೆಂದು ಡ್ಯೂವರ್ ಸ್ವಾತಂತ್ರ್ಯವಾದಿಯಲ್ಲ. ಅದೇ ಕಾಯ್ದೆಯ 28ನೆಯ ಪ್ರಕರಣದ ಏಳನೆಯ ಉಪಪ್ರಕರಣದಲ್ಲಿ, ಸ್ಕಾಟ್ಲೆಂಡಿಗಾಗಿ ಕಾನೂನು ಮಾಡುವ ಬ್ರಿಟಿಷ್ ಸಂಸತ್ತಿನ ಅಧಿಕಾರಕ್ಕೆ ಇದರಿಂದ ಬಾಧೆಯಿಲ್ಲ ಎಂದು ಒಂದು ಸಾಲು ಕೂತಿದೆ. ಇನ್ನೊಂದು ಸಂಗತಿ. ಚುನಾವಣೆಯ ಪದ್ಧತಿಯನ್ನು ಯಾವ ಪಕ್ಷಕ್ಕೂ ಒಂಟಿಯಾಗಿ ಬಹುಮತ ಸುಲಭವಾಗಿ ಸಿಗದ ಹಾಗೆ ಹೆಣೆದರು: 73 ಕ್ಷೇತ್ರಗಳು, ಮತಪ್ರಮಾಣ ನೋಡಿ ಹಂಚುವ 56 ಸ್ಥಾನಗಳು. ಹಳೆಯ ಪದ್ಧತಿಯೇ ಇದ್ದಿದ್ದರೆ ಲೇಬರ್ ಆರಾಮಾಗಿ ಆಳಬಹುದಿತ್ತು. 1999ರಲ್ಲಿ 129ರಲ್ಲಿ 56 ಬಂತು, ಲಿಬರಲ್ ಡೆಮಾಕ್ರಾಟರ ಜೊತೆ ಸೇರಿ ಸರ್ಕಾರ ಮಾಡಬೇಕಾಯಿತು. ತಾನೇ ಬರೆದ ಕರಾರಿನಲ್ಲಿ ತನ್ನ ಪಾಲನ್ನು ಕಡಿಮೆ ಬರೆದುಕೊಂಡ ಕಕ್ಷಿದಾರನನ್ನು ನಾನಂತೂ ಕಂಡಿಲ್ಲ.

1997ರ ಡಿಸೆಂಬರಿನಲ್ಲಿ ಮಸೂದೆ ಹೊರಬಂದಾಗ ಡ್ಯೂವರ್ ಮೊದಲ ಸಾಲನ್ನು ಗಟ್ಟಿಯಾಗಿ ಓದಿ, ‘ಇದು ನನಗೆ ಇಷ್ಟ’ ಎಂದರು. ಇಂಗ್ಲಿಷಿನಲ್ಲಿ ಮೂರೇ ಪದ. ಮಸೂದೆ ಬರೆಯುವುದು ಸರ್ಕಾರಿ ಕರಡುಗಾರರ ಕೆಲಸ, ಮಂತ್ರಿಯದಲ್ಲ. ಅಷ್ಟಾದರೂ ಆ ಸಾಲು ಇವರ ಹೆಸರಿಗೇ ಅಂಟಿಕೊಂಡಿತು. ನಮ್ಮ ಸಂವಿಧಾನದ 168ನೆಯ ವಿಧಿಯೂ ಪ್ರತಿ ರಾಜ್ಯಕ್ಕೆ ಒಂದು ಶಾಸಕಾಂಗ ಇರತಕ್ಕದ್ದು ಎಂದೇ ಹೇಳುತ್ತದೆ. ಅದನ್ನು ಓದಿ ಯಾರಾದರೂ ರೋಮಾಂಚನಗೊಂಡದ್ದು ನಾನು ಕೇಳಿಲ್ಲ. ನಮಗೆ ಅದು ಕೊನೆಗೂ ದಕ್ಕಿದ ವಸ್ತುವಿನ ಹಾಗೆ ಕಾಣುವುದಿಲ್ಲ, ಮೊದಲಿಂದ ಇದ್ದ ಗೋಡೆಯ ಹಾಗೆ ಕಾಣುತ್ತದೆ.

1999ರ ಜುಲೈ 1ರಂದು ಎಡಿನ್‌ಬರೋದ ಚರ್ಚ್ ಮಹಾಸಭೆಯ ಸಭಾಂಗಣದಲ್ಲಿ ಉದ್ಘಾಟನೆ. ರಾಣಿ ಬೆಳ್ಳಿಯ ರಾಜದಂಡವೊಂದನ್ನು ತಂದುಕೊಟ್ಟರು. ಅದರ ಮೇಲೂ ಆ ಸಾಲೇ. ಜೊತೆಗೆ ವಿವೇಕ, ನ್ಯಾಯ, ಕರುಣೆ, ಪ್ರಾಮಾಣಿಕತೆ ಎಂಬ ನಾಲ್ಕು ಪದಗಳು. ಶೀನಾ ವೆಲಿಂಗ್ಟನ್ ವಾದ್ಯವಿಲ್ಲದೆ ರಾಬರ್ಟ್ ಬರ್ನ್ಸ್ ಕವಿಯ ಹಾಡು ಹಾಡಿದರು, ಪಟ್ಟ ಪದವಿಗಿಂತ ಮನುಷ್ಯ ದೊಡ್ಡವನು ಎನ್ನುವ ಹಾಡು. ಅದನ್ನು ರಾಣಿಯ ಎದುರಿಗೇ! ಕೊನೆಯ ಚರಣಕ್ಕೆ ಸದಸ್ಯರೂ ದನಿಗೂಡಿಸಿದರು. ಪ್ರಥಮ ಸಚಿವರಾಗಿದ್ದ (ನಮ್ಮಲ್ಲಿ ಮುಖ್ಯಮಂತ್ರಿ ಇದ್ದ ಹಾಗೆ) ಡ್ಯೂವರ್ ಮಾತಾಡಿದ್ದು ಸ್ವಲ್ಪ ಹೊತ್ತು. ಈ ಪದಗಳು ಮೊದಲು ಒಂದು ಆಸೆಯಾಗಿದ್ದವು, ಆಮೇಲೆ ನಂಬಿಕೆ, ಆಮೇಲೆ ವಾಗ್ದಾನ, ಈಗ ನಿಜ ಎಂದರು. ಕ್ಲೈಡ್ ನದಿಯ ಹಡಗುಕಟ್ಟೆಯಲ್ಲಿ ವೆಲ್ಡರ್ ಕೂಗುವ ಕೂಗು ತಮಗೆ ಕೇಳಿಸುತ್ತಿದೆ ಎಂದರು. ಆ ಭಾಷಣವನ್ನು ನಾನು ವಿಡಿಯೊದಲ್ಲಿ ನೋಡಿದ್ದೇನೆ. ವಾಗ್ಮಿಯ ಮೈಕಟ್ಟಲ್ಲ, ದನಿಯಲ್ಲಿ ಏರಿಳಿತ ಕಡಿಮೆ. ಆದರೂ ಕಣ್ಣು ತುಂಬಿತು.

ಇಷ್ಟು ಹೊಗಳಿದ ಮೇಲೆ ಕಟ್ಟಡದ ಕಥೆ ಹೇಳದಿದ್ದರೆ ಅನ್ಯಾಯ.

1979ಕ್ಕೆಂದೇ ಕಾಲ್ಟನ್ ಗುಡ್ಡದ ಹಳೆಯ ರಾಯಲ್ ಹೈಸ್ಕೂಲನ್ನು ಶಾಸನಸಭೆಗೆ ಸಜ್ಜು ಮಾಡಿಟ್ಟಿದ್ದರು. ಡ್ಯೂವರಿಗೆ ಅದು ಒಗ್ಗಲಿಲ್ಲ. ಹೋಲಿರೂಡ್ ಅರಮನೆಯ ಎದುರಿಗೆ, ಹಳೆಯ ಬ್ರೂವರಿಯ ಜಾಗದಲ್ಲಿ ಹೊಸದು ಕಟ್ಟೋಣ ಎಂದರು. ಮಗುಚಿಟ್ಟ ದೋಣಿಗಳ ಹಾಗೆ ಕಾಣುವ ವಿನ್ಯಾಸ ತಂದ ಬಾರ್ಸಿಲೋನಾದ ವಾಸ್ತುಶಿಲ್ಪಿ ಎನ್ರಿಕ್ ಮಿರಾಯೆಸ್ ಆಯ್ಕೆಯಾದರು. ಶ್ವೇತಪತ್ರದಲ್ಲಿ ಬರೆದಿದ್ದ ಅಂದಾಜು 1 ಕೋಟಿಯಿಂದ 4 ಕೋಟಿ ಪೌಂಡ್. ಕಡೆಗೆ ಆದದ್ದು ಸುಮಾರು 41 ಕೋಟಿ 40 ಲಕ್ಷ. ಮೂರು ವರ್ಷ ತಡ. ಗುತ್ತಿಗೆಯನ್ನು ಎಂಥ ಬಗೆಯಲ್ಲಿ ಬರೆದಿದ್ದರೆಂದರೆ, ವಿನ್ಯಾಸ ಮುಗಿಯುವ ಮೊದಲೇ ಕೆಲಸ ತುಂಡು ತುಂಡಾಗಿ ಶುರು, ಖರ್ಚು ಏರಿದರೆ ಹೊರೆ ಗುತ್ತಿಗೆದಾರರದಲ್ಲ, ಕಟ್ಟಿಸುವವರದು. ಮನೆ ಕಟ್ಟಿಸಿದವರಿಗೆ ಹೆಚ್ಚು ವಿವರಿಸಬೇಕಿಲ್ಲ. ವಿಚಾರಣೆ ನಡೆಸಿದ ಲಾರ್ಡ್ ಫ್ರೇಸರ್ ಕೂಡ ಸ್ಕಾಟಿಷ್ ವಕೀಲರೇ, ವಿರೋಧಿ ಕನ್ಸರ್ವೇಟಿವ್ ಪಕ್ಷದವರು. 2004ರ ವರದಿಯಲ್ಲಿ ಅವರು, ಡ್ಯೂವರ್ ಬೇಕೆಂದೇ ಸದಸ್ಯರ ದಾರಿ ತಪ್ಪಿಸಿದ್ದಕ್ಕೆ ಸಾಕ್ಷ್ಯವಿಲ್ಲ ಎಂದರು. ಉಳಿದವರ ಬಗ್ಗೆ ಅವರಂದ ಮಾತಿನ ತಿರುಳು ಇದು: ಕಟ್ಟಡವಿರುವ ಹಳೆಯ ಬೀದಿಯ ಗೋಡೆಗಳಿಂದ ಕೇಳಿದ್ದೆಲ್ಲ ‘ನಾನಲ್ಲಪ್ಪ, ನಾನಲ್ಲ’ ಎಂಬ ದನಿಯೊಂದೇ.

ನನ್ನ ಅನಿಸಿಕೆ ಕೇಳಿದರೆ, ಡ್ಯೂವರ್ ಅವರನ್ನು ಅಷ್ಟು ಸುಲಭಕ್ಕೆ ಬಿಡಬಾರದು. ಜಾಗ ಆರಿಸಿದ್ದು ಅವರು, ಅವಸರ ಮಾಡಿದ್ದೂ ಅವರೇ. ಅಧಿಕಾರದ ಪಟ್ಟಿಯಲ್ಲಿ ಒಂದೊಂದು ಅಲ್ಪವಿರಾಮಕ್ಕೂ ಕಾದಾಡಿದ ವಕೀಲರು ಕಟ್ಟಡದ ಕರಾರನ್ನು ಹಾಗೆ ಓದಲಿಲ್ಲ.

2000ನೇ ಇಸವಿಯ ಮೇ ತಿಂಗಳಲ್ಲಿ ಅವರಿಗೆ ಹೃದಯದ ಕವಾಟದ ಶಸ್ತ್ರಚಿಕಿತ್ಸೆಯಾಯಿತು. ಜುಲೈ 3ರಂದು ಮಿರಾಯೆಸ್ ತೀರಿಕೊಂಡರು, 45 ವರ್ಷ. ಡ್ಯೂವರ್ ಆಗಸ್ಟಿನಲ್ಲಿ ಕೆಲಸಕ್ಕೆ ಮರಳಿದರು, ರಕ್ತ ತೆಳುವಾಗಿಸುವ ಮಾತ್ರೆಯ ಜೊತೆಗೆ. ಅಕ್ಟೋಬರ್ 10ರಂದು ತಮ್ಮ ಅಧಿಕೃತ ನಿವಾಸ ಬ್ಯೂಟ್ ಹೌಸಿನ ಹೊರಗಿನ ಮೆಟ್ಟಿಲಲ್ಲಿ ಎಡವಿ ಬಿದ್ದರು. ಏನೂ ಆಗಿಲ್ಲ ಎಂದುಕೊಂಡು ಕೆಲಸ ಮುಂದುವರಿಸಿದರು. ಸಂಜೆಗೆ ಮೆದುಳಿನಲ್ಲಿ ರಕ್ತಸ್ರಾವ. ಮರುದಿನ ಮಧ್ಯಾಹ್ನ ಹೋದರು. ವಯಸ್ಸು 63. ಹೊಸ ಕಟ್ಟಡದಲ್ಲಿ ಒಂದು ದಿನವೂ ಕೂರಲಿಲ್ಲ.

ಆ ವರ್ಷದ ಮೇ ತಿಂಗಳಲ್ಲೇ ಅವರ ಪಾರ್ಲಿಮೆಂಟ್ ಒಂದು ಕಾಯ್ದೆ ಪಾಸು ಮಾಡಿತ್ತು, ಊಳಿಗಮಾನ್ಯ ಭೂಹಿಡುವಳಿಯ ರದ್ದತಿ. ಸ್ಕಾಟ್ಲೆಂಡಿನಲ್ಲಿ ಮಧ್ಯಯುಗದಿಂದಲೂ ನೆಲದ ಮೇಲೆ ‘ಮೇಲೊಡೆಯ’ ಎಂಬೊಬ್ಬ ಇದ್ದ. ನೀವು ದುಡ್ಡು ಕೊಟ್ಟು ಮನೆ ಕೊಂಡಿದ್ದರೂ ಕಾಗದದಲ್ಲಿ ನೀವು ಅವನ ಆಶ್ರಿತರು. ಹಿತ್ತಲಲ್ಲಿ ಕಾರಿಗೊಂದು ಶೆಡ್ ಹಾಕಬೇಕೆಂದರೆ ಅವನ ಅಪ್ಪಣೆ ಕೇಳಿ, ಅಪ್ಪಣೆಗೆ ಕಾಸು ಕೊಡಬೇಕಾಗಬಹುದು. ಲಂಡನ್ನಿನ ಸಂಸತ್ತಿಗೆ ಇದನ್ನು ಕಿತ್ತುಹಾಕಲು ಮುನ್ನೂರು ವರ್ಷ ಪುರುಸೊತ್ತಾಗಿರಲಿಲ್ಲ. ಕಾಯ್ದೆ ಜಾರಿಗೆ ಬಂದದ್ದು 2004ರ ನವೆಂಬರ್ 28ಕ್ಕೆ. ಅಲ್ಲಿ ಗೇಣಿ, ಬಾಡಿಗೆ ಸಲ್ಲಿಸುವ ಗಡುವಿನ ದಿನಗಳಲ್ಲಿ ಅದೂ ಒಂದು. ಎಷ್ಟು ಸಾಲಿಸಿಟರ್ ಕಚೇರಿಗಳಲ್ಲಿ ಎಷ್ಟು ನಮೂನೆಗಳ ಸಾಲುಗಳನ್ನು ಅವತ್ತು ಹೊಡೆದುಹಾಕಿರಬಹುದು ಎಂದು ನಾನು ಆಗಾಗ ಯೋಚಿಸುತ್ತೇನೆ.

ವಿಗ್ರಹ ನಿಂತದ್ದು 2002ರಲ್ಲಿ, ಕೆನ್ನಿ ಮೆಕೇ ಮಾಡಿದ್ದು. ನಿಲ್ಲಿಸಿದಾಗಿನಿಂದ ಅದಕ್ಕೊಂದೇ ಕಾಟ. ರಾತ್ರಿ ಹೊತ್ತು ಯಾರಾದರೂ ಹತ್ತಿ ಕನ್ನಡಕ ಮುರಿಯುತ್ತಾರೆ, ಸರಿ ಮಾಡಿದರೆ ಮತ್ತೆ ಮುರಿಯುತ್ತಾರೆ. ಕಡೆಗೆ 2005ರಲ್ಲಿ ನಗರಸಭೆಯವರು ಕೈಗೆ ಎಟುಕದ ಹಾಗೆ ಪೀಠವನ್ನೇ ಎತ್ತರಿಸಿದರು. ಅವತ್ತು ನಾವು ಹೊರಡುವಾಗ ಮಳೆ ಹನಿಯುತ್ತಿತ್ತು. ಮಗ ಫೋನನ್ನು ಮೇಲಕ್ಕೆತ್ತಿ, ಮುಖವನ್ನು ದೊಡ್ಡದು ಮಾಡಿ ನೋಡಿದ.

‘ಇದೆ ಅಮ್ಮ, ಎರಡೂ ಕಡ್ಡಿ ಇದೆ’ ಅಂದ.